ಅಂತರಸನಹಳ್ಳಿಯ ಮೆಷಿನ್ನು, ಗುಬ್ಬಿಯ ನಾನು

ಲ್ಯಾಬು ಅಂದರೆ ಜನ ಏನೇನೋ ಅಂದ್ಕೋತಾರೆ. ಬಿಳಿ ಕೋಟು, ಗಾಜಿನ ಸೀಸೆ, ಎಲ್ಲರೂ ಪಿಸುದನಿಯಲ್ಲಿ ವಿಜ್ಞಾನ ಮಾತಾಡೋದು. ಒಂದು ಸಲ ಬಂದು ಕೂತು ನೋಡಬೇಕು ಅವರು. ಒಂದು ನಾಜೂಕು ಮೆಷಿನ್ ಇದ್ದು, ಅದರ ಸುತ್ತ ನಮ್ಮಂಥ ನಾಲ್ಕು ಜನ ಇದ್ದುಬಿಟ್ಟರೆ ತಮಾಷೆಯನ್ನ ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತೆ. ಈಗಿನ ಹೊಸ ಮೆಷಿನ್‌ಗಳು ತಮಗೇನಾಗಿದೆ ಅಂತ ತಾವೇ ಸ್ಕ್ರೀನ್ ಮೇಲೆ ಬರೆದು ಹೇಳ್ತವೆ. ಅವುಗಳ ಮುಂದೆ ಕೂತಾಗೆಲ್ಲ ನನಗೆ ನಮ್ಮ ಆ ಹಳೇ ಮೆಷಿನ್ನೇ ನೆನಪಾಗೋದು.

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ವರ್ಕ್‌ಶಾಪಿನ ಶೆಡ್ಡಿಗೂ ಒಂದು ಗೋಡೌನಿಗೂ ನಡುವೆ ನಮ್ಮ ಲ್ಯಾಬು ಇತ್ತು. ಕೊಬ್ಬರಿ, ರಾಗಿ, ಹುಣಸೆಹಣ್ಣು, ತರಕಾರಿ ಇವುಗಳಲ್ಲಿ ಹೊಲದಲ್ಲಿ ಹೊಡೆದ ಔಷಧಿ ಉಳಿದಿದೆಯಾ ಅಂತ ನೋಡೋ ಕೆಲಸ ನಮ್ಮದು. ನೋಡ್ತಿದ್ದದ್ದು ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಮೆಷಿನ್ನು. ಸ್ಯಾಂಪಲ್ಲನ್ನ ಆವಿ ಮಾಡಿ, ಅದರ ಅಣುಗಳನ್ನ ಒಡೆದು, ಚೂರುಗಳನ್ನ ತೂಕ ಹಾಕಿ, ಇದು ಇಂಥಾ ಪದಾರ್ಥ ಅಂತ ಅದು ಹೇಳುತ್ತೆ. ಅದರ ಹೊಟ್ಟೆಯೊಳಗೆ ಗಾಳಿ ಇರಬಾರದು. ಹಾಗಾಗಿ ಒಂದು ಪಂಪು ಹಗಲೂ ರಾತ್ರಿ ಗುಂಯ್ ಅಂತ ಗಾಳಿ ಎಳೀತಾನೇ ಇರುತ್ತೆ.

ನಮ್ಮ ಹತ್ತಿರ ಇದ್ದದ್ದು ಅದೊಂದೇ. ಅದೂ ಬೆಂಗಳೂರಿನ ಹೆಡ್ ಆಫೀಸಿನವರು ತಾವು ಬಳಸಿ ನಮಗೆ ಕೊಟ್ಟದ್ದು. ಕೊಟ್ಟ ದಿನದಿಂದ ಅಲ್ಲಿನ ಎಂ.ಡಿ. ಮೇಡಂ ಬಾಯಲ್ಲಿ ಒಂದೇ ರಾಗ, "ಅದನ್ನ ವಾಪಸ್ ಇಲ್ಲಿಗೇ ತಂದುಬಿಡೋಣ, ಅಲ್ಲಿ ಯಾಕೆ ಇನ್ನೊಂದು ಲ್ಯಾಬು." ಮೆಷಿನ್ ಹೋದರೆ ಲ್ಯಾಬು ಹೋಯಿತು, ಲ್ಯಾಬು ಹೋದರೆ ನಾನು ದಿನಾ ಗುಬ್ಬಿಯಿಂದ ಬೆಂಗಳೂರಿಗೆ ಓಡಬೇಕು. ಅದರ ರುಚಿ ನಾನು ಮೊದಲೇ ನೋಡಿದ್ದೆ. ಮಗಳು ಚಿಕ್ಕವಳಿದ್ದಾಗ ಬೆಂಗಳೂರಲ್ಲಿ ಕೆಲಸ, ಬೆಳಕು ಹರಿಯೋಕೆ ಮುಂಚೆ ಗುಬ್ಬಿ ಸ್ಟೇಷನ್ನಿಗೆ ಬಂದು ರೈಲು ಹತ್ತಬೇಕಿತ್ತು. ಹೋಗುವಾಗ ಮಗಳು ನಿದ್ದೆ, ಬರುವಾಗಲೂ ನಿದ್ದೆ. ಒಂದು ಭಾನುವಾರ ಎತ್ತಿಕೊಳ್ಳೋಕೆ ಹೋದರೆ ಹೊಸಬರನ್ನ ಕಂಡ ಹಾಗೆ ಅತ್ತು ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡಳು. ಮಾರನೇ ದಿನವೇ ಆ ಕೆಲಸ ಬಿಟ್ಟೆ. ಅಂತರಸನಹಳ್ಳಿಯ ಈ ಕೆಲಸ ಸಿಕ್ಕಿದ್ದು ಆಮೇಲೆ. ಹಾಗಾಗಿ ಮೆಷಿನ್ ಒಂಚೂರು ಸದ್ದು ಬದಲಿಸಿದರೂ ನನ್ನ ಎದೆ ಹೊಡ್ಕೋತಿತ್ತು.

ತುಪ್ಪದ ಡಬ್ಬಿ

ಹೊಸ ಕೆಲಸ ಏನು ಅಂತ ಅತ್ತೆಗೆ ಅರ್ಥ ಮಾಡಿಸೋಕೆ ಬಹಳ ಪಾಡು ಪಟ್ಟೆ.

"ಅಣುಗಳನ್ನ ತೂಕ ಹಾಕ್ತೀವಿ ಅತ್ತೆ" ಅಂದೆ.

"ತೂಕ ಹಾಕೋಕೆ ಎಮ್ಮೆಸ್ಸಿ ಯಾಕೆ ಓದ್ಬೇಕಿತ್ತೇ? ಸಂತೇಲಿ ಈರುಳ್ಳಿ ಮಾರೋನೂ ಹಾಕ್ತಾನೆ" ಅಂದರು ಅತ್ತೆ.

ಸರಿ, ಇದು ಆಗೋ ಮಾತಲ್ಲ ಅಂತ, "ತಿನ್ನೋ ಪದಾರ್ಥದಲ್ಲಿ ವಿಷ ಉಳ್ದಿದ್ರೆ ಕಂಡುಹಿಡಿಯೋದು" ಅಂದೆ. ಇದು ಚೆನ್ನಾಗಿ ಅರ್ಥ ಆಯಿತು. ಅವರಿಗೊಬ್ಬರಿಗೇ ಅಲ್ಲ, ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಅರ್ಥ ಆಗಿಹೋಯಿತು.

ಆ ವಾರವೇ ಎದುರುಮನೆ ಅಮ್ಮ ಸೆರಗಿನ ಕೆಳಗೆ ಏನೋ ಮುಚ್ಚಿಕೊಂಡು ಬಂದರು. ನಮ್ಮ ಅಡುಗೆಮನೆಗೆ ಬಂದು, ಬಾಗಿಲು ಒರಗಿಸಿ, ಒಂದು ಸ್ಟೀಲ್ ಡಬ್ಬಿ ತೆಗೆದು ಕಟ್ಟೆ ಮೇಲಿಟ್ಟರು.

"ನನ್ ಸೊಸೆ ತವರಿಂದ ತಂದ ತುಪ್ಪ ಕಣವ್ವ. ಮನೇಲಿ ಬೆಣ್ಣೆ ಕಾಯ್ಸಿದ್ದು ಅಂತಾಳೆ. ನಂಗ್ಯಾಕೋ ಅಂಗಡೀದು ಅನ್ಸುತ್ತೆ. ನಿನ್ ಮೆಷಿನ್‌ಗೆ ಒಸಿ ಹಾಕಿ ನೋಡು."

"ಅಮ್ಮಾ, ನಮ್ ಮೆಷಿನ್ ಬೆಣ್ಣೆ ಯಾವ್ದು ಅಂಗಡಿ ಯಾವ್ದು ಅಂತ ಹೇಳಲ್ಲ. ಅದು ವಿಷ ಇದ್ರೆ ಮಾತ್ರ ಹೇಳೋದು" ಅಂದೆ.

ಅವರು ಒಂದು ಗಳಿಗೆ ಯೋಚನೆ ಮಾಡಿದರು. ಡಬ್ಬಿಯನ್ನ ನನ್ನ ಕಡೆಗೆ ಇನ್ನೂ ಸ್ವಲ್ಪ ತಳ್ಳಿದರು.

"ಹಂಗಾದ್ರೆ ಅದನ್ನೂ ನೋಡ್ಬುಡು."

ಖಾಲಿ ಓಡಿಸಿದರೂ ಬೆಟ್ಟ

ನಮ್ಮ ಲ್ಯಾಬಿನ ಇನ್‌ಚಾರ್ಜ್ ಸರ್ ಕುಣಿಗಲ್ಲಿನವರು. ದಿನಾ ಅಲ್ಲಿಂದ ಬೈಕಲ್ಲೇ ಬರೋದು. ಒಳ್ಳೇ ಮನುಷ್ಯ, ಕೆಲಸದಲ್ಲಿ ನಿಗಾ, ಆದರೆ ಗಾಬರಿ ಜಾಸ್ತಿ. ನನ್ನ ಹಾಗೇ ಅವರಿಗೂ ಮೆಷಿನ್ ಕೆಟ್ಟರೆ ಬೆಂಗಳೂರಿನವರಿಗೆ ಒಂದು ನೆಪ ಸಿಗುತ್ತೆ ಅನ್ನೋ ಭಯ.

ಬೆಳಿಗ್ಗೆ ಬಂದ ತಕ್ಷಣ ಏನೂ ಬೆರೆಸದ ಬರೀ ದ್ರಾವಣ ಹಾಕಿ ಒಂದು ಸಲ ಓಡಿಸ್ತೀವಿ. ಇದಕ್ಕೆ ಬ್ಲಾಂಕ್ ಅಂತೀವಿ. ಸ್ಕ್ರೀನ್ ಮೇಲೆ ಗೆರೆ ಸಪಾಟಾಗಿ ಬಂದರೆ ಮೆಷಿನ್ ಸ್ವಚ್ಛವಾಗಿದೆ ಅಂತ ಲೆಕ್ಕ. ಒಂದು ದಿನ ನೋಡಿದರೆ ಗೆರೆ ಇರಬೇಕಾದ ಜಾಗದಲ್ಲಿ ಬೆಟ್ಟಗುಡ್ಡ.

ಸರ್ ನನ್ನ ತಲೆ ನೋಡಿದರು. "ಮಲ್ಲಿಗೆ ಮುಡ್ಕೊಂಡು ಬಂದಿದೀಯಲ್ಲಮ್ಮ. ಅದೇ ಇದು."

ಮಲ್ಲಿಗೆ ತೆಗೆದು ಆಚೆ ಇಟ್ಟೆ. ಮತ್ತೆ ಓಡಿಸಿದರೆ ಬೆಟ್ಟ ಹಾಗೇ ಇತ್ತು. ಆಮೇಲೆ ಲ್ಯಾಬು ಗುಡಿಸಿ ಒರೆಸೋ ಆಯಮ್ಮನ ತಲೆ ಎಣ್ಣೆ ಮೇಲೆ ಅನುಮಾನ ಬಂತು. ಆಯಮ್ಮ ಹಾಗಲವಾಡಿಯವಳು, ಬಾಯಿ ಜೋರು. "ಮೂವತ್ತು ವರ್ಸದಿಂದ ಹಚ್ತಾ ಇವ್ನಿ, ಯಾವ್ ಮಿಸನ್ನೂ ಏನೂ ಅಂದಿಲ್ಲ" ಅಂತ ಗೊಣಗಿಕೊಂಡು ಹೊರಗೆ ಹೋಗಿ ಕೂತಳು. ನೆಲ ಒರೆಸೋ ಫಿನಾಯಿಲ್ ಬಂದ್ ಆಯಿತು. ದೇವರ ಪಟದ ಮುಂದಿನ ಊದುಬತ್ತಿ ಬಂದ್ ಆಯಿತು. ಹೂವು, ಎಣ್ಣೆ, ಪೌಡರು, ಸೆಂಟು ಯಾವುದೂ ಕೂಡದು ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ಬೆಟ್ಟ ಮಾತ್ರ ಬೆಳೀತಾನೇ ಹೋಯಿತು.

ಕೊನೆಗೆ ಇದು ಯಾವ ಪದಾರ್ಥ ಅಂತ ಕಂಪ್ಯೂಟರನ್ನೇ ಕೇಳಿದೆವು. ಪುದೀನದ ಸತ್ವ, ಕರ್ಪೂರ ಅಂತ ಹೇಳಿತು.

"ಯಾರೋ ಒಳಗೆ ಬೀಡ ಹಾಕ್ತಿದಾರೆ" ಅಂದರು ಸರ್, ಹಣೆ ತಿಕ್ಕಿಕೊಳ್ತಾ.

ನಾನು ಆ ಹಣೆ ನೋಡಿದೆ. ಟ್ಯೂಬ್‌ಲೈಟ್ ಬೆಳಕಿಗೆ ಪಳಪಳ ಅಂತಿತ್ತು. "ಸರ್, ಹಣೆಗೆ ಏನ್ ಹಚ್ಚಿದೀರಾ?"

"ಕುಣಿಗಲ್ ರೋಡ್ ಧೂಳು ಕಣಮ್ಮ, ಬೆಳಿಗ್ಗೆಯಿಂದ ತಲೆನೋವು. ಅದರ ಮೇಲೆ ಈ ಬೆಟ್ಟ ನೋಡಿ ನೋಡಿ ಇನ್ನೂ ಜಾಸ್ತಿ ಆಯ್ತು. ಅದಕ್ಕೇ ಗಂಟೆಗೊಂದ್ಸಲ ಮುಲಾಮು" ಅನ್ನುತ್ತ ಅಲ್ಲೇ ನಿಲ್ಲಿಸಿ, ತಮ್ಮ ಬೆರಳು ನೋಡಿಕೊಂಡರು. ಅದೇ ಬೆರಳಲ್ಲಿ ಬೆಳಗಿನಿಂದ ಸ್ಯಾಂಪಲ್ ಸೀಸೆಗಳ ಮುಚ್ಚಳ ಹಾಕಿದ್ದರು.

ಕೈ ಮುಖ ತೊಳೆದು ಬಂದು, ಹೊಸ ಸೀಸೆ ಇಟ್ಟು ಓಡಿಸಿದ ಮೇಲೆ ಗೆರೆ ಸಪಾಟಾಯಿತು. ಆಯಮ್ಮ ಒಳಗೆ ಬಂದಳು, ಊದುಬತ್ತಿಯೂ ದೇವರ ಪಟದ ಮುಂದಕ್ಕೆ ವಾಪಸ್ ಬಂತು. ನನ್ನ ಮಲ್ಲಿಗೆ ಮೇಲಿನ ನಿಷೇಧ ಮಾತ್ರ ಹೋಗಲಿಲ್ಲ. ಕೇಳಿದ್ದಕ್ಕೆ, "ರೂಲ್ಸ್ ಅಂತ ಮಾಡಿ ಎಲ್ಲಾನೂ ತೆಗೆದ್ರೆ ಚೀಟಿ ಅಂಟಿಸಿದ್ದಕ್ಕೆ ಮರ್ಯಾದೆ ಇರಲ್ಲ, ಇರ್ಲಿ ಬುಡಮ್ಮ" ಅಂದರು.

ಆಯುಧಕ್ಕೆ ವಿಶ್ರಾಂತಿ

ಅಂತರಸನಹಳ್ಳಿಯಲ್ಲಿ ಆಯುಧಪೂಜೆ ಅಂದರೆ ನೋಡಬೇಕು. ಲೇತ್ ಮೆಷಿನ್ನಿಗೂ ಬಾಳೆಕಂದು, ತೂಕದ ಯಂತ್ರಕ್ಕೂ ಕುಂಕುಮ, ನಿಂತಿರೋ ಲಾರಿಗೆಲ್ಲ ಚೆಂಡುಹೂವಿನ ಹಾರ. ಪುರೋಹಿತರು ಒಂದು ಶೆಡ್ಡಿಂದ ಇನ್ನೊಂದಕ್ಕೆ ಸ್ಕೂಟರಲ್ಲಿ ಓಡಾಡ್ತಿರ್ತಾರೆ. ನಮ್ಮ ಸರದಿ ಬರುವ ಹೊತ್ತಿಗೆ ಅವರಿಗೆ ಸಾಕಾಗಿರುತ್ತೆ.

ಆ ವರ್ಷ ಬಂದವರು ಬಹಳ ಶಾಸ್ತ್ರದವರು. ಒಳಗೆ ಕಾಲಿಟ್ಟವರೇ ಪಂಪಿನ ಸದ್ದು ಕೇಳಿ ನಿಂತರು.

"ಇವತ್ತು ಆಯುಧಕ್ಕೆ ವಿಶ್ರಾಂತಿ ಅಲ್ವೇ? ಓಡ್ತಾ ಇರೋದಕ್ಕೆ ಪೂಜೆ ಮಾಡೋ ಹಾಗಿಲ್ಲ. ನಿಲ್ಲಿಸಿ."

ಸರ್ ಮುಖ ಬಿಳಿಚಿಕೊಂಡಿತು. "ಸ್ವಾಮಿ, ಇದನ್ನ ನಿಲ್ಸಿದ್ರೆ ಒಳಗೆ ಗಾಳಿ ತುಂಬ್ಕೊಳ್ಳುತ್ತೆ. ಮತ್ತೆ ದಾರಿಗೆ ತರೋಕೆ ದಿನಗಟ್ಟಲೆ ಬೇಕು. ಅದು ಎದ್ದೇಳದೇ ಹೋದ್ರೆ ನಾವೆಲ್ಲ ಬೆಂಗಳೂರಿಗೆ ಹೋಗ್ಬೇಕಾಗುತ್ತೆ."

"ಹಾಗಂತ ಶಾಸ್ತ್ರ ಬಿಡೋಕಾಗುತ್ತಾ?"

ಸರ್ ಒಂದು ನಿಮಿಷ ತಲೆ ಕೆರೆದುಕೊಂಡು, ಹೋಗಿ ಕಂಪ್ಯೂಟರಿನ ಸ್ಕ್ರೀನ್ ಆಫ್ ಮಾಡಿದರು. "ತಗೊಳಿ ಸ್ವಾಮಿ, ಕಣ್ಣು ಮುಚ್ಚಿದೆ. ಮಲಗಿದೆ ಅಂದ್ಕೊಳಿ."

ಪುರೋಹಿತರು ಪಂಪಿನ ಕಡೆ ಕೈ ತೋರಿಸಿದರು. "ಸದ್ದು ಮಾಡ್ತಿದೆಯಲ್ಲ?"

"ಗೊರಕೆ ಸ್ವಾಮಿ. ಗೊರಕೆ ಹೊಡೀತಿದೆ ಅಂದ್ರೆ ಒಳ್ಳೇ ನಿದ್ದೆ ಅಂತ ತಾನೇ ಅರ್ಥ?"

ಅವರಿಗೂ ಇನ್ನೂ ನಾಲ್ಕು ಶೆಡ್ಡು ಬಾಕಿ ಇತ್ತೇನೋ, ಒಪ್ಪಿಕೊಂಡರು. ಅರಿಶಿನ ಕುಂಕುಮ ಹಚ್ಚಿದ್ದಾಯಿತು. ನಾವು ತಡೆಯೋದರೊಳಗೆ ಮಾವಿನೆಲೆಯಲ್ಲಿ ತೀರ್ಥ ತೆಗೆದು ಮೆಷಿನ್ ಮೇಲೂ ಚಿಮುಕಿಸಿಬಿಟ್ಟರು. ತಕ್ಷಣ ಮೆಷಿನ್ನು ಕುಂಯ್ ಕುಂಯ್ ಅಂತ ಬಡ್ಕೊಳ್ಳೋಕೆ ಶುರು ಮಾಡಿತು. ನನ್ನ ಕಣ್ಣ ಮುಂದೆ ಬೆಳಗಿನ ರೈಲು ಬಂದು ನಿಂತಿತು. ಸರ್ ಗೋಡೆಗೆ ಒರಗಿದರು. ಪುರೋಹಿತರು ಮಾತ್ರ ಏನೂ ಆಗದವರ ಹಾಗೆ ಕರ್ಪೂರ ಹಚ್ಚಿ, ಗಂಟೆ ಬಾರಿಸಿ, ಮಂಗಳಾರತಿ ಮುಗಿಸಿದರು. ತಟ್ಟೆ ಕೆಳಗಿಡೋದಕ್ಕೂ ಸದ್ದು ನಿಲ್ಲೋದಕ್ಕೂ ಸರಿಹೋಯಿತು.

ಸರ್‌ಗೆ ಸಮಾಧಾನ ಆಗದೆ ಬೆಂಗಳೂರಿನ ಸರ್ವಿಸ್ ಎಂಜಿನಿಯರಿಗೆ ಫೋನ್ ಮಾಡಿದರು. ಅವರು ಹಬ್ಬದ ಊಟದ ಮಧ್ಯೆ ಇದ್ದರು.

"ಅಲಾರಂ ಬಂದಾಗ ನೀವು ಏನ್ ಮಾಡಿದ್ರಿ ಸರ್?"

"ಮಂಗಳಾರತಿ ಮಾಡ್ಸಿದ್ವಿ."

"ಆಮೇಲೆ?"

"ನಿಂತೋಯ್ತು."

ಆ ಕಡೆ ತಟ್ಟೆ ಸರಿಸಿಕೊಂಡ ಸದ್ದು. ಆಮೇಲೆ, "ಹಂಗಾದ್ರೆ ನಾನು ಬರೋದು ಬೇಡ್ವಲ್ಲ" ಅಂದು, ಪಾಯಸ ಬಡಿಸೋಕೆ ಹೇಳಿದ್ದು ನಮಗೂ ಕೇಳಿಸಿತು.

ತಟ್ಟೆ ಇಡ್ಲಿಯ ಸರ್ವಿಸ್

ಆ ಎಂಜಿನಿಯರ್ ನಮಗೆ ಆಪದ್ಬಾಂಧವ. ಬೆಂಗಳೂರಿಂದ ಕಾರಲ್ಲಿ ಬಂದು, ತೋಳು ಮಡಚಿ, ಮೆಷಿನ್ ಪಕ್ಕದ ಬಾಗಿಲು ತೆಗೆದು ಕಿವಿ ಇಟ್ಟರೆ ಅರ್ಧ ಕಾಯಿಲೆ ಅಲ್ಲೇ ವಾಸಿ. ಅವರಲ್ಲಿ ಒಂದೇ ಒಂದು ದೌರ್ಬಲ್ಯ ಇತ್ತು, ತಟ್ಟೆ ಇಡ್ಲಿ. ಊರ ಹೊರಗೆ ಆ ಇಡ್ಲಿಗೇ ಹೆಸರಾದ ಕ್ಯಾತ್ಸಂದ್ರದಲ್ಲಿ ಬರುವಾಗಲೇ ಒಂದು ರೌಂಡ್ ಮುಗಿಸಿ, ಹೋಗುವಾಗ ಪಾರ್ಸಲ್ ಕಟ್ಟಿಸಿಕೊಂಡು ಹೋಗಬೇಕು. ಬೇರೆ ಊರಿನ ಲ್ಯಾಬುಗಳು ಅವರಿಗೆ ವಾರಗಟ್ಟಲೆ ಕಾಯ್ತಿದ್ದವಂತೆ. ನಾವು ಫೋನ್ ಮಾಡಿದರೆ ಮಾರನೇ ದಿನ ಬೆಳಿಗ್ಗೆ ಹಾಜರು. ಮೆಷಿನ್ ಅಷ್ಟು ವರ್ಷ ಉಳಿದದ್ದಕ್ಕೆ ಅರ್ಧ ಪುಣ್ಯ ಆ ಇಡ್ಲಿಗೇ ಸೇರಬೇಕು ಅಂತ ನಾನು ಈಗಲೂ ನಂಬಿದೀನಿ.

ಒಂದು ಸಲ ಒಳಗೆಲ್ಲೋ ಗಾಳಿ ನುಗ್ತಾ ಇದೆ ಅಂತ ಸ್ಕ್ರೀನ್ ತೋರಿಸ್ತಿತ್ತು. ಸರ್ ಫೋನ್ ಮಾಡಿದರು. ಎಂಜಿನಿಯರ್ ನಾಳೆ ಬರ್ತೀನಿ ಅಂದರು. ಅಷ್ಟರಲ್ಲಿ ನಾನು ಒಂದೊಂದೇ ನಟ್ ಮುಟ್ಟಿ ನೋಡ್ತಾ ಬಂದಾಗ ಒಂದು ಸಡಿಲ ಇತ್ತು, ಬಿಗಿ ಮಾಡಿದೆ, ಗಾಳಿ ನಿಂತಿತು. ಬರೋದು ಬೇಡ ಅಂತ ಹೇಳೋಣ ಅಂದರೆ ಅವರ ಫೋನ್ ಸಿಗಲಿಲ್ಲ. ಬೆಳಿಗ್ಗೆ ನಗುನಗ್ತಾ ಬಂದರು.

"ಸರಿ ಹೋಯ್ತು ಸರ್, ಸುಮ್ನೆ ನಿಮಗೆ ತೊಂದ್ರೆ ಆಯ್ತು" ಅಂದೆ.

ಅವರ ಮುಖ ಸಪ್ಪಗಾಯಿತು. ಬ್ಯಾಗ್ ಕೆಳಗಿಟ್ಟು ಕೂತರು. "ಕೆಲಸ ಇಲ್ದೆ ಬಂದಿದೀನಿ ಅಂತ ಆಫೀಸಲ್ಲಿ ಗೊತ್ತಾದ್ರೆ ಇನ್ಮೇಲೆ ಫೋನಲ್ಲೇ ಸರಿ ಮಾಡ್ಸಿ ಅಂತಾರೆ ಮೇಡಂ. ಮನೇಲಿ ಬೇರೆ ಇವತ್ತು ಅಡಿಗೆ ಮಾಡ್ಬೇಡ, ಇಡ್ಲಿ ತರ್ತೀನಿ ಅಂದ್ಬಿಟ್ಟಿದೀನಿ."

ಸರ್ ಕರುಳು ಚುರುಕ್ ಅಂದಿರಬೇಕು. ಎದ್ದು ಹೋಗಿ, ಸ್ಪ್ಯಾನರ್ ತಗೊಂಡು, ನಾನು ಬಿಗಿ ಮಾಡಿದ್ದ ನಟ್ಟನ್ನೇ ಅರ್ಧ ಸುತ್ತು ಸಡಿಲ ಮಾಡಿ ಬಂದು ಕೂತರು. ಎಂಜಿನಿಯರ್ ಹೋಗಿ ಬಿಗಿ ಮಾಡಿ, ಗಾಳಿ ಸೋರಿಕೆ ಸರಿಪಡಿಸಲಾಗಿದೆ ಅಂತ ರಿಪೋರ್ಟ್ ಬರೆದರು. ಸರ್ ಅದರ ಕೆಳಗೆ, ಸೇವೆ ತೃಪ್ತಿಕರ ಅಂತ ಸೈನ್ ಹಾಕಿದರು.

ಕಾಲಿಗೆ ಬಿದ್ದವರು

ಅಣುಗಳನ್ನ ಒಡೆಯೋ ಜಾಗ ಮೆಷಿನ್ನಿನ ಒಳಗೆ ಒಂದಿದೆ. ಅದಕ್ಕೆ ಸೋರ್ಸ್ ಅಂತೀವಿ. ಕೊಬ್ಬರಿ ಸ್ಯಾಂಪಲ್ ಓಡಿಸಿ ಓಡಿಸಿ ಅದು ಒಲೆ ಮೇಲಿನ ಬಾಣಲೆ ತಳದ ಹಾಗೆ ಕಪ್ಪಗಾಗ್ತಿತ್ತು. ಆಗ ಮೆಷಿನ್ ನಿಲ್ಲಿಸಿ, ತಣ್ಣಗಾಗೋಕೆ ಬಿಟ್ಟು, ಅದನ್ನ ಹೊರಗೆ ತೆಗೆದು, ಬಿಡಿಬಿಡಿ ಮಾಡಿ, ಬಿಳಿ ಪುಡಿ ಹಾಕಿ ಹೊಳೆಯೋ ತನಕ ಉಜ್ಜಬೇಕು. ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡ ಸ್ಕ್ರೂಗಳು. ಅವನ್ನ ಜೋಡಿಸುವಾಗ ಸರ್ ಉಸಿರೂ ಬಿಡ್ತಿರಲಿಲ್ಲ.

ಒಂದು ದಿನ ಅವರಿಗೆ ಸೀನು ಬಂತು. ಕೈಯಲ್ಲಿದ್ದ ಸ್ಕ್ರೂ ಟಣ್ ಅಂತ ನೆಲಕ್ಕೆ ಬಿದ್ದು ಎಲ್ಲಿಗೋ ಹೋಯಿತು. ಅದರ ಜೋಡಿ ತುಮಕೂರಲ್ಲಿ ಸಿಗೋದಲ್ಲ, ಬೆಂಗಳೂರಲ್ಲೂ ಸಿಗೋದಲ್ಲ. ಅದಿಲ್ಲದೆ ಮೆಷಿನ್ ಏಳಲ್ಲ. ಸರ್ ಮೇಜಿನ ಕೆಳಗೆ ಮಲಗಿದರು. ನಾನು ಬೀರು ಪಕ್ಕ ಮಲಗಿದೆ. ಆಯಮ್ಮ ಬಾಗಿಲ ಹತ್ತಿರ ಕೆನ್ನೆ ನೆಲಕ್ಕೆ ಒತ್ತಿ ಒಂದೇ ಕಣ್ಣಲ್ಲಿ ನೋಡ್ತಾ ಇದ್ದಳು. ಮೂರು ಜನರದ್ದೂ ಬಾಗಿಲ ಕಡೆಗೇ ತಲೆ.

ಹೊರಗೆ ಕಾರು ನಿಂತದ್ದು ನಮಗೆ ಕೇಳಲೇ ಇಲ್ಲ. ನನ್ನ ಮೂಗಿನ ಮುಂದೆ ಒಂದು ಜೊತೆ ಒಳ್ಳೇ ಚಪ್ಪಲಿ, ಅದರ ಮೇಲೆ ರೇಷ್ಮೆ ಸೀರೆ ಅಂಚು ಕಾಣಿಸಿತು. ಎಂ.ಡಿ. ಮೇಡಂ. ಗಟ್ಟಿ ಹೆಂಗಸು, ನಕ್ಕಿದ್ದನ್ನ ನಾವ್ಯಾರೂ ನೋಡಿದವರಲ್ಲ.

"ಏಳಿ, ಏಳಿ" ಅಂದರು ಮೇಡಂ. "ನೀವು ಹೀಗೆಲ್ಲ ಕಾಲಿಗೆ ಬಿದ್ರೆ ನಮ್ಮ ತೀರ್ಮಾನ ಬದಲಾಗಲ್ಲ."

ಮೇಜಿನ ಕೆಳಗಿಂದ ಸರ್ ದನಿ ಬಂತು. "ಯಾವ ತೀರ್ಮಾನ ಮೇಡಂ?"

ಹೀಗೆ ನಮಗೆ ವಿಷಯ ಗೊತ್ತಾಯಿತು. ತಿಂಗಳು ಮುಗಿಯೋದರೊಳಗೆ ಮೆಷಿನ್ ಬೆಂಗಳೂರಿಗೆ. ಅದರ ಹಿಂದೆ ನಾವು. ಎಲ್ಲರೂ ಮಲಗಿದ್ದಲ್ಲೇ ಇದ್ದೆವು. ಆಯಮ್ಮ ಒಬ್ಬಳೇ ತೆವಳಿಕೊಂಡು ಮುಂದೆ ಬಂದು ಮೇಡಂ ಪಾದದ ಹತ್ತಿರ ತಲೆ ಇಟ್ಟಳು. ಮೇಡಂ ಮನಸ್ಸು ಕರಗಿದ ಹಾಗೆ ಕಂಡಿತು. "ಅಯ್ಯೋ, ಬೇಡಮ್ಮ" ಅಂತ ಬಗ್ಗಿದರು.

"ಒಸಿ ಕಾಲ್ ಎತ್ರವ್ವ" ಅಂದಳು ಆಯಮ್ಮ. "ಸ್ಕ್ರೂ ನಿಮ್ ಚಪ್ಲಿ ಅಡೀಲಿ ಐತೆ."

ಬರಿಗೈಲಿ ಕಳಿಸಬಾರದು

ಆ ಸಂಜೆ ಗುಬ್ಬಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಅತ್ತುಬಿಟ್ಟೆ. ಮಗಳು ಆಗ ಸ್ಕೂಲಿಗೆ ಹೋಗ್ತಿದ್ದಳು. ಸಂಜೆ ನಾನು ಬಂದ ತಕ್ಷಣ ಬ್ಯಾಗ್ ಕಸಿದುಕೊಂಡು ಅವತ್ತಿನ ಸುದ್ದಿಯೆಲ್ಲ ಒಂದೇ ಉಸಿರಿಗೆ ಹೇಳೋಳು. ಅದು ಇನ್ನು ಇಲ್ಲ ಅನ್ನೋದು ನನಗೆ ತಡಕೊಳ್ಳೋಕಾಗಲಿಲ್ಲ. ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಕಾಫಿ ಮಾಡಿ ಕೊಟ್ಟರು. "ಆಗದೆ ಹೋದ್ರೆ ಬುಟ್ಬುಡು ಕಣೇ" ಅಂದರು. ಬಿಡೋಕೆ ಮನಸ್ಸಿರಲಿಲ್ಲ. ಆ ಹಾಳು ಮೆಷಿನ್ ಮೇಲೆ ಅಷ್ಟು ಪ್ರೀತಿ ಬಂದುಬಿಟ್ಟಿತ್ತು.

ಹೊರಡೋ ದಿನ ಬಂತು. ಎಂಜಿನಿಯರ್ ಬಂದು ಪಂಪು ನಿಲ್ಲಿಸಿದರು. ಸೋರ್ಸ್ ಉಜ್ಜೋಕೆ ನಿಲ್ಲಿಸಿದಾಗಲೂ ಲ್ಯಾಬು ನನಗೆ ಅಷ್ಟು ಮೌನ ಅನ್ನಿಸಿರಲಿಲ್ಲ. ವೈರೆಲ್ಲ ಬಿಚ್ಚಿ, ಪಕ್ಕದ ಬಾಗಿಲು ಹಾಗೇ ತೆರೆದಿಟ್ಟು, ಪ್ಯಾಕಿಂಗ್‌ನವರು ಬರೋದರೊಳಗೆ ಒಂದು ಪ್ಲೇಟ್ ಇಡ್ಲಿ ತಿಂದು ಬರ್ತೀನಿ ಅಂತ ಹೋದರು.

ಆಯಮ್ಮ ಅವತ್ತು ಇಸ್ತ್ರಿ ಸೀರೆ ಉಟ್ಟಿದ್ದಳು, ಕೈಯಲ್ಲಿ ಒಂದು ಬುಟ್ಟಿ. ಬಂದವಳೇ ಮೆಷಿನ್ನಿಗೆ ಅರಿಶಿನ ಕುಂಕುಮ ಇಟ್ಟು, ತಟ್ಟೆಯಲ್ಲಿ ಆರತಿ ಎತ್ತಿದಳು.

"ಸಾರ್, ಮನೆ ಮಗಳಂಗೆ ಇತ್ತು. ಮಡಿಲಕ್ಕಿ ಕೊಟ್ಟು ಕಳಿಸ್ಲಾ?"

ನಮ್ಮ ಕಡೆ ಹೆಣ್ಣುಮಕ್ಕಳನ್ನ ಗಂಡನ ಮನೆಗೆ ಕಳಿಸುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು, ಒಂದು ರವಿಕೆ ಕಣ ಹಾಕಿ ಕಳಿಸೋದು. ಬೇರೆ ದಿನ ಆಗಿದ್ದರೆ ಮೆಷಿನ್ ಹತ್ತಿರ ಅಕ್ಕಿ ಕಾಳು ಕಂಡರೂ ಸರ್ ಕಿರುಚೋರು. ಅವತ್ತು ಮೆಷಿನ್ ಮೇಲೆ ಒಂದು ಸಲ ಕೈಯಾಡಿಸಿದರು. "ಕೊಡಮ್ಮ. ಬರಿಗೈಲಿ ಕಳಿಸ್ಬಾರ್ದು" ಅಂದರು.

ನನಗೆ ಅಲ್ಲಿ ನಿಲ್ಲೋಕಾಗಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತುಕೊಂಡೆ. ಸರ್ ಕೂಡ ನನ್ನ ಹಿಂದೆಯೇ ಬಂದರು. ಪ್ಯಾಕಿಂಗ್‌ನವರು ಮೆಷಿನ್ ಮರದ ಪೆಟ್ಟಿಗೆಯಲ್ಲಿಟ್ಟು ಟೆಂಪೋಗೆ ಏರಿಸಿದಾಗ ಆಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ತಿದ್ದಳು. ಸರ್ ಟೆಂಪೋ ಡ್ರೈವರ್ ಹತ್ತಿರ ಹೋಗಿ, "ನಿಧಾನಕ್ಕೆ ಹೋಗಪ್ಪ, ಹಂಪ್ಸ್ ನೋಡ್ಕೋ" ಅಂತ ಮತ್ತೆ ಮತ್ತೆ ಹೇಳಿದರು.

ಬೆಂಗಳೂರಲ್ಲಿ ಮೆಷಿನ್ ಕೂರಿಸಿ, ಪಂಪು ಹಚ್ಚಿ, ಬಿಸಿ ಮಾಡಿದ್ದಾರೆ ಅಂತ ಸುದ್ದಿ ಬಂತು. ನಾನು ಮುಂದಿನ ಸೋಮವಾರದಿಂದ ಅಲ್ಲಿಗೆ ಹೋಗಬೇಕು. ರೈಲಿನ ಪಾಸು ವಿಚಾರಿಸಿಕೊಂಡು ಬಂದಿದ್ದೆ. ಖಾಲಿ ಲ್ಯಾಬಲ್ಲಿ ನಾವು ಮೂರು ಜನ ಸೀಸೆಗಳನ್ನ ಡಬ್ಬಕ್ಕೆ ತುಂಬ್ತಾ ಇದ್ದಾಗ ಎಂಜಿನಿಯರ್ ಫೋನ್ ಬಂತು. ಸ್ಪೀಕರ್‌ಗೆ ಹಾಕಿದೆ.

"ಮೇಡಂ, ಇಲ್ಲಿ ಇರುವೆ ಸಾಲು ಶುರುವಾಗಿದೆ. ನಿಮ್ ಮೆಷಿನ್ನಿಂದ ಹೊರಟು, ಪಕ್ಕದ ಹೊಸ ಮೆಷಿನ್‌ಗೂ ಹೋಗಿದೆ. ಎಲ್ಲಿಂದ ಬರ್ತಿದೆ ಅಂತ ಪಕ್ಕದ ಬಾಗಿಲು ತೆಗೆದೆ."

"ಏನಿತ್ತು ಸರ್?"

"ಅಕ್ಕಿ."

ನಾನು ಸರ್ ಮುಖ ನೋಡಿದೆ, ಸರ್ ಆಯಮ್ಮನ ಮುಖ ನೋಡಿದರು. ಆಯಮ್ಮ, "ಮಡಿಲು ಎಲ್ಲೈತೆ ಅಂತ ಹುಡುಕ್ದೆ ಕಣವ್ವ, ಅದೇ ಬಾಗ್ಲು ತೆಗ್ದಿತ್ತು, ಒಳಗಿಟ್ಟು ಮುಚ್ದೆ" ಅಂದಳು ಮೆಲ್ಲಗೆ.

"ಬೆಲ್ಲ ಇದೆ" ಅಂತ ಎಂಜಿನಿಯರ್ ಮುಂದುವರಿಸಿದರು. "ಬಿಸಿಗೆ ಕರಗಿ ಪಾಕ ಆಗಿದೆ. ಎರಡು ಗಿಟುಕು ಕೊಬ್ಬರಿ ಇದೆ. ಅರಿಶಿನದ ಕೊಂಬಿದೆ. ಒಂದು ಬ್ಲೌಸ್ ಪೀಸ್ ಇದೆ. ನಾನು ಇಪ್ಪತ್ತು ವರ್ಷದಿಂದ ಈ ಮೆಷಿನ್ ಬಿಚ್ತಿದೀನಿ ಮೇಡಂ, ಬ್ಲೌಸ್ ಪೀಸ್ ಇರೋ ಮಾಡೆಲ್ ನೋಡಿರ್ಲಿಲ್ಲ. ರಿಪೋರ್ಟಲ್ಲಿ ಏನಂತ ಬರೀಲಿ?"

ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿತು. ಎಂ.ಡಿ. ಮೇಡಂ ದನಿ.

"ಮಡಿಲಕ್ಕಿ ಕೊಟ್ಟೋರು ಯಾರು?"

ಸರ್ ಆಯಮ್ಮನ ಕಡೆ ಒಂದು ಸಲ ನೋಡಿದರು. ಎದ್ದು ನಿಂತುಕೊಂಡರು, ಫೋನಿನ ಮುಂದೆ. "ನಾವೇ ಮೂರೂ ಜನ ಮೇಡಂ."

"ಮುಂದಿನ ವಾರ ನಮಗೆ ಆಡಿಟ್ ಇದೆ ಗೊತ್ತಾ? ಆಡಿಟರಿಗೆ ನಾನು ಇರುವೆ ತೋರಿಸ್ಲಾ?"

"ತಪ್ಪಾಯ್ತು ಮೇಡಂ."

"ನಿಮ್ ಕಡೆ ಮಡಿಲಕ್ಕಿ ಕೊಟ್ಟು ಕಳಿಸಿದ ಹೆಣ್ಣುಮಗಳನ್ನ ಮತ್ತೆ ತವರಿಗೆ ಕರ್ಕೊಂಡು ಹೋಗೋ ಪದ್ಧತಿ ಇಲ್ವಾ?"

ಆಯಮ್ಮನೇ ಮುಂದೆ ಬಂದು ಫೋನಿಗೆ ಬಾಯಿ ಹಚ್ಚಿ, "ಐತೆ ಕಣವ್ವ" ಅಂದಳು.

"ಹಾಗಾದ್ರೆ ನಾಳೇನೇ ಗಾಡಿ ತಗೊಂಡು ಬನ್ನಿ. ಇರುವೆ ಸಮೇತ ಕರ್ಕೊಂಡು ಹೋಗಿ. ತುಮಕೂರು ಸ್ಯಾಂಪಲ್ಲು ತುಮಕೂರಲ್ಲೇ ಮಾಡ್ಕೊಳಿ. ಆ ಲ್ಯಾಬ್ ಶಿಫ್ಟ್ ಮಾಡೋ ಮಾತು ಇನ್ನು ನನ್ನ ಮುಂದೆ ಯಾರೂ ಎತ್ಕೂಡ್ದು."

ಸರ್ ಕುರ್ಚಿ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನಗೆ ನಗುವೂ ಬಂತು, ಅಳುವೂ ಬಂತು. ಸಂಜೆ ಬಸ್ಸಿಳಿದು ಮನೆಗೆ ಹೋದರೆ ಮಗಳು ಬಾಗಿಲಲ್ಲೇ ಬ್ಯಾಗ್ ಕಸಿದುಕೊಳ್ತಾಳೆ, ನಾಳೆಯೂ, ನಾಡಿದ್ದೂ. ಬೇರೇನೂ ನನ್ನ ತಲೆಯಲ್ಲಿ ಇರಲಿಲ್ಲ. ಥ್ಯಾಂಕ್ಸ್ ಮೇಡಂ ಅಂದೆ. ಫೋನ್ ಇಟ್ಟರೇನೋ ಅಂದುಕೊಂಡೆ. ಇಟ್ಟಿರಲಿಲ್ಲ.

"ಇನ್ನೊಂದು ವಿಷಯ" ಅಂದರು ಮೇಡಂ, ದನಿ ಸ್ವಲ್ಪ ತಗ್ಗಿಸಿ. "ಆ ಬ್ಲೌಸ್ ಪೀಸ್ ನಾನು ಇಟ್ಕೊಂಡಿದೀನಿ. ಕಲರ್ ಚೆನ್ನಾಗಿದೆ."